ಸೆಟ್ಟರನ ನೋಟ್‌ಬುಕ್ಕಿಗೆ ಎರಡು ಕಡೆ

ಆಗುವುದಿಲ್ಲ ಎಂದವರು ಇಬ್ಬರು. ಒಬ್ಬ ನಮ್ಮ ದೊಡ್ಡಪ್ಪ ಪಿಳ್ಳಪ್ಪ. ಇನ್ನೊಬ್ಬ ನಾನು.

ದೊಡ್ಡಪ್ಪ ಹೇಳಿದ್ದು ನನ್ನ ಬಿ.ಎ. ಬಗ್ಗೆ. ಚಂದಾಪುರದಾಚೆಯ ನಮ್ಮೂರಲ್ಲಿ ಹೊಲ ಅವನ ಕೈಯಲ್ಲಿತ್ತು, ಸುತ್ತಿಗೆ ನಮ್ಮಪ್ಪನ ಕೈಯಲ್ಲಿತ್ತು. ಅಪ್ಪ ಕ್ವಾರಿಯಲ್ಲಿ ಕಲ್ಲು ಒಡೆಯುತ್ತಿದ್ದ. ನಾನು ಐ.ಟಿ.ಐ. ಮುಗಿಸಿ ಬೊಮ್ಮಸಂದ್ರದ ಕಾರ್ಖಾನೆಯೊಂದಕ್ಕೆ ಸೇರಿ, ಕೆಲಸದ ಜೊತೆಗೇ ಅಂಚೆ ಮೂಲಕ ಬಿ.ಎ.ಗೆ ಕಟ್ಟಿದ್ದೇನೆಂದು ಗೊತ್ತಾದ ದಿನ ದೊಡ್ಡಪ್ಪ ಹಾಲಿನ ಡೈರಿ ಮುಂದೆ, ಕ್ಯಾನು ಹಿಡಿದು ನಿಂತಿದ್ದವರಿಗೆಲ್ಲ ಕೇಳುವಂತೆ ಹೇಳಿದ: "ಕಲ್ ಒಡ್ಯೋನ್ ಮಗ ಬಿಯೇ ಮಾಡ್ತಾನಂತೆ ಕಣ್ರಪ್ಪೋ, ಅದೂ ಇಂಗ್ಲೀಸ್‌ನಾಗೆ! ಆಗಾಕಿಲ್ಲ ಬುಡ್ಲಾ. ನನ್ ಮಕ್ಳ ಕೈಲೇ ಎಸ್ಸೆಲ್ಸಿ ಆಗ್ನಿಲ್ಲ, ನಿನ್ ಕೈಲಾಯ್ತದಾ?"

ಮಾತಿಗೆ ನಾನು ಹೆದರಲಿಲ್ಲ. ಆದರೆ ನಮ್ಮ ಮನೆಗೆ ನಂಬರ್ ಇರಲಿಲ್ಲ. ಕಾಗದಗಳೆಲ್ಲ ದೊಡ್ಡಪ್ಪನ ಮನೆಗೆ ಬರುತ್ತಿದ್ದವು. ಮೊದಲ ವರ್ಷದ ಹಾಲ್ ಟಿಕೆಟ್ಟು ಅವನ ಗೋಡೆಯ ಕ್ಯಾಲೆಂಡರಿನ ಹಿಂದೆ ಕೂತಿತ್ತು. ಪರೀಕ್ಷೆ ಮುಗಿದ ಮೇಲೆ ತಂದುಕೊಟ್ಟು, "ಮರ್ತೋಗಿತ್ತು ಕಣ್ಲಾ" ಎಂದ. ಒಂದು ವರ್ಷ ಹೋಯಿತು. ಮರೆತದ್ದಲ್ಲವೆಂದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ನಾನು "ಆಗಲ್ಲ" ಎಂದದ್ದು ಅದಾಗಿ ಎಷ್ಟೋ ವರ್ಷದ ಮೇಲೆ, ಬಸಮ್ಮ ಎಂಬ ಹುಡುಗಿಯ ಬಗ್ಗೆ. ಈಗ ಕಾರ್ಖಾನೆಗಳಿಗೆ ಸೇರುತ್ತಿರುವ ನಿಮಗಾಗಿ ಅದನ್ನು ಬರೆಯುತ್ತಿದ್ದೇನೆ. ನನಗೆ ಬಂದ ಪ್ರಮೋಷನ್ ಪತ್ರಗಳು ಟ್ರಂಕಿನಲ್ಲಿವೆ, ಅಲ್ಲೇ ಇರಲಿ. ಅವುಗಳಿಂದ ನೀವು ಕಲಿಯುವುದೇನೂ ಇಲ್ಲ.

ಮೊದಲು ಕೆಲಸ ಏನೆಂದು ಹೇಳುತ್ತೇನೆ. ಮಷೀನ್ ಓಡಿಸುವವನು ಆಪರೇಟರ್. ಓಡುವ ಮುಂಚೆ ಅದನ್ನು ಅಣಿ ಮಾಡುವವನು ಸೆಟ್ಟರ್. ಜಾಬು ಎನ್ನುವ ಕಚ್ಚಾ ಲೋಹದ ತುಂಡನ್ನು ಚಕ್‌ನಲ್ಲಿ, ಅಂದರೆ ಮೂರು ಹಲ್ಲಿನ ಕಬ್ಬಿಣದ ಹಿಡಿಯಲ್ಲಿ, ಕೂರಿಸಬೇಕು. ಕೊರೆಯುವ ಟೂಲನ್ನು ಅದರ ಜಾಗದಲ್ಲಿ ಕಟ್ಟಬೇಕು. ಮೊದಲ ಪೀಸು ತೆಗೆದು, ಅಳೆದು, ಕೂದಲೆಳೆಯಷ್ಟು ತಿದ್ದಬೇಕು. ಆ ಮೊದಲ ಪೀಸಿಗೆ ಹಸಿರು ಚೀಟಿ ಬಿದ್ದರೆ ಮಾತ್ರ ಆಪರೇಟರ್ ಬಟನ್ ಒತ್ತಬಹುದು. ನಾನು ಸೇರಿದ ಕಾಲಕ್ಕೆ ಇಡೀ ಶೆಡ್ಡಿಗೆ ಒಬ್ಬನೇ ಸೆಟ್ಟರ್, ಹೊಸೂರು ಕಡೆಯ ಪಳನಿ. ಅವನು ಬಂದರೆ ಸೂಪರ್‌ವೈಸರ್ ಕೂಡ ದಾರಿ ಬಿಡುತ್ತಿದ್ದ. ಹೊಟ್ಟೆಕಿಚ್ಚು ಅಂದರೇನೆಂದು ನಾನು ಮೊದಲು ಕಲಿತದ್ದು ಆ ನಡಿಗೆ ನೋಡಿ.

ಪಳನಿಯ ಜೇಬಿನಲ್ಲೊಂದು ನೋಟ್‌ಬುಕ್ ಇತ್ತು. ಸೆಟ್ಟರುಗಳ ಪದ್ಧತಿ ಅದು. ಡ್ರಾಯಿಂಗ್ ಹೇಳದ, ಕೈಗೆ ಮಾತ್ರ ಗೊತ್ತಿರುವ ತಿದ್ದುಪಡಿಗಳನ್ನು ಜಾಬಿಗೊಂದು ಪುಟದಂತೆ ಬರೆದಿಟ್ಟುಕೊಳ್ಳುವುದು, ಬರೆಯುವಾಗ ಎಡಗೈ ಅಡ್ಡ ಹಿಡಿಯುವುದು, ಶಿಫ್ಟ್ ಮುಗಿದಾಗ ಟೂಲ್ ಬಾಕ್ಸಿಗೆ ಹಾಕಿ ಬೀಗ ಜಡಿಯುವುದು. ಯಾರೂ ಯಾರಿಗೂ ತೋರಿಸುತ್ತಿರಲಿಲ್ಲ. ಹದಿನಾಲ್ಕು ತಿಂಗಳು ಅವನ ಸ್ಪ್ಯಾನರ್ ಹೊತ್ತೆ. "ಅಣ್ಣ, ಒಂದ್ಸಲ ತೋರ್ಸಣ್ಣ" ಎಂದರೆ, "ಏನ್ ತಂಬಿ, ನಾನ್ ಮನೇಗ್ ಹೋಗ್ಲಾ?" ಎಂದು ನಗುತ್ತಿದ್ದ. ಅವನ ಹೆಗಲ ಮೇಲಿಂದ ಕದ್ದು ನೋಡಿ, ಪಾಯಿಖಾನೆಗೆ ಓಡಿ, ಅಂಗೈ ಮೇಲೆ ಬರೆದುಕೊಂಡು ಕಲಿತವನು ನಾನು. ಹಾಗೆ ಕದ್ದ ಒಂದು ಸಾಲು ಇದು: ತೆಳು ರಿಂಗು, ಬಿಟ್ಟು ಕೂರಿಸು.

ಪಳನಿ ಕೆಲಸ ಬಿಟ್ಟ ಮೇಲೆ ನಾನೇ ಸೆಟ್ಟರಾದೆ. ಆಗ ನನ್ನದೂ ಒಂದು ನೋಟ್‌ಬುಕ್ ಆಯಿತು, ಅದಕ್ಕೆ ಎರಡು ಕಡೆ. ಮುಂದಿನಿಂದ ಜಾಬುಗಳ ತಿದ್ದುಪಡಿ. ಹಿಂದಿನಿಂದ ಒಂದೇ ಒಂದು ಇಂಗ್ಲಿಷ್ ಕ್ರಿಯಾಪದ: ಸೆಟ್.

ಆ ಹುಚ್ಚು ಹಿಡಿಸಿದ್ದು, ಅಂಚೆಯ ಬಿ.ಎ.ಯವರಿಗೆಂದು ನಡೆಯುತ್ತಿದ್ದ ಭಾನುವಾರದ ತರಗತಿಯ ಇಂಗ್ಲಿಷ್ ಮೇಡಂ. "ಏನ್ ಕೆಲಸ ಮಾಡ್ತೀರಾ?" ಎಂದು ಕೇಳಿದರು. "ಸೆಟ್ಟರ್ ಮೇಡಂ" ಎಂದೆ. "ಹಾಗಾದ್ರೆ ಲೈಬ್ರರಿಗೆ ಹೋಗಿ ದೊಡ್ಡ ನಿಘಂಟಿನಲ್ಲಿ ಆ ಪದ ನೋಡ್ಕೊಂಡು ಬನ್ನಿ" ಎಂದರು. ಹೋದೆ. ಪುಟ ತಿರುವಿದೆ, ಮುಗಿಯಲಿಲ್ಲ. ಮತ್ತೆ ತಿರುವಿದೆ, ಇನ್ನೂ ಅದೇ ಪದ. ಮೂರಕ್ಷರಕ್ಕೆ ಇಷ್ಟು ಸಂಸಾರವೇ! ಸೂರ್ಯ ಮುಳುಗಿದರೂ ಸೆಟ್, ಸಿಮೆಂಟು ಗಟ್ಟಿಯಾದರೂ ಸೆಟ್. ಮುರಿದ ಮೂಳೆ ಕೂಡಿಸುವುದು, ಪ್ರಶ್ನೆಪತ್ರಿಕೆ ತಯಾರಿಸುವುದು, ಅಲಾರಂ ಇಡುವುದು, ಮದುವೆಗೆ ದಿನ ಗೊತ್ತುಮಾಡುವುದು, ಹುಲ್ಲಿಗೆ ಬೆಂಕಿ ಇಡುವುದು, ಪಂಜರದ ಹಕ್ಕಿ ಬಿಡುವುದು, ಪ್ರಯಾಣ ಹೊರಡುವುದು, ಎಲ್ಲದಕ್ಕೂ ಆ ಒಂದೇ ಪದ. ಮೊಸರು ಹೆಪ್ಪುಗಟ್ಟಿದರೂ ಅದೇ. ಒಂದೊಂದನ್ನೂ ಕನ್ನಡದಲ್ಲಿ ಬರೆದುಕೊಳ್ಳತೊಡಗಿದೆ. ಕಾರ್ಖಾನೆ ಬಸ್ಸು ಚಂದಾಪುರದ ಸಿಗ್ನಲ್ಲಿನಲ್ಲಿ ನಿಂತಷ್ಟು ಹೊತ್ತು ನನ್ನ ಓದು.

ಇಷ್ಟೆಲ್ಲ ಅರ್ಥ ಬಂದದ್ದೆಲ್ಲಿಂದ ಎಂದು ಮೇಡಂ ಒಂದು ಭಾನುವಾರ ಬಿಡಿಸಿ ಹೇಳಿದರು. ಹಳೆಯ ಇಂಗ್ಲಿಷಿನಲ್ಲಿ 'ಸಿಟ್' ಎಂದರೆ ಕೂರು. ಅದಕ್ಕೆ ಪ್ರೇರಣಾರ್ಥ ರೂಪ 'ಸೆಟ್', ಕೂರಿಸು. ಕನ್ನಡದಲ್ಲಿ ಕೂರು-ಕೂರಿಸು ಇದ್ದಂತೆಯೇ. ಒಂದು ವಸ್ತುವನ್ನು ಅದರ ಜಾಗದಲ್ಲಿ ಕೂರಿಸುವುದು, ಅಷ್ಟೇ ಮೂಲ. ಉಳಿದದ್ದೆಲ್ಲ ಅದರ ಮಕ್ಕಳು ಮೊಮ್ಮಕ್ಕಳು. ಉಂಗುರದಲ್ಲಿ ಹರಳು ಕೂರಿಸುತ್ತೇವೆ, ಬೀದಿಯಲ್ಲಿ ಗಣಪತಿ ಕೂರಿಸುತ್ತೇವೆ, ಇಂಗ್ಲಿಷಿನವರೂ ಹಾಗೇ ಕೂರಿಸುತ್ತ ಹೋದರು. ಸಂಸ್ಕೃತದ ಸದನ, ಪರಿಷತ್ತು ಎಂಬ ಪದಗಳೂ ಅದೇ ದೂರದ ಬಳಗವಂತೆ. ನಾನು ಕೈಯೆತ್ತಿ, "ಸೆಟ್ ದೋಸೆ ಮೇಡಂ?" ಎಂದೆ. ತರಗತಿ ನಕ್ಕಿತು. ಮೇಡಂ ನಗಲಿಲ್ಲ. "ಅದು ಬೇರೆ ಮನೆದು. ಗುಂಪು ಅನ್ನೋ ಅರ್ಥದ ಸೆಟ್ ಲ್ಯಾಟಿನ್‌ನಿಂದ ಫ್ರೆಂಚ್ ದಾಟಿ ಬಂದಿದ್ದು. ಆಮೇಲೆ ಎರಡೂ ಒಂದೇ ಸೂರಿನ ಕೆಳಗೆ ಸೇರ್ಕೊಂಡ್ವು" ಎಂದರು.

ನಾನು ಎಷ್ಟು ಬೀಗಿದೆನೆಂದರೆ ಕ್ಯಾಂಟೀನಿನಲ್ಲಿ ಹುಡುಗರು "ಲೈಫ್ ಸೆಟ್ ಆಯ್ತು ಮಗಾ" ಎಂದರೂ ನಿಲ್ಲಿಸಿ ಪಾಠ ಹೇಳುತ್ತಿದ್ದೆ. "ಗುರು, ಮುನಿರಾಜಣ್ಣ ಬಂದ, ಎದ್ದೇಳ್ರೋ" ಎಂದು ತಟ್ಟೆ ಎತ್ತಿಕೊಂಡು ಓಡುತ್ತಿದ್ದರು. ಬಿ.ಎ. ಪಾಸಾಯಿತು, ಇಂಗ್ಲಿಷ್ ಪತ್ರಿಕೆ ಮೂರನೇ ಸಲಕ್ಕೆ. ಆ ಹೊತ್ತಿಗೆ ವಿಳಾಸ ಕಾರ್ಖಾನೆಯದೇ ಕೊಟ್ಟಿದ್ದೆ. ಪದವಿ ಪತ್ರ ಗೇಟಿಗೆ ಬಂತು. ವಾಚ್‌ಮನ್ ಕಿಂಡಿಯಿಂದ ತಳ್ಳಿ, "ಸೈನ್ ಹಾಕಣ್ಣ" ಎಂದ. ನಮ್ಮ ವಂಶದ ಮೊದಲ ಡಿಗ್ರಿ. ಅಪ್ಪ ಹೋಗಿ ಎರಡು ವರ್ಷವಾಗಿತ್ತು, ಅವ್ವ ಅದಕ್ಕೂ ಮುಂಚೆ.

ಇಷ್ಟರಲ್ಲಿ ಕಂಪ್ಯೂಟರ್ ಮಷೀನುಗಳು ಬಂದವು. ಸ್ಪ್ಯಾನರ್ ಹಿಡಿದು ಮಾಡುತ್ತಿದ್ದ ಅರ್ಧ ಕೆಲಸ ಕೀ ಒತ್ತುವುದಕ್ಕೆ ಬದಲಾಯಿತು. ಪ್ರತಿ ಜಾಬಿಗೂ ಗೋಡೆಗೊಂದು ಸೂಚನಾ ಹಾಳೆ ತೂಗುಬಿದ್ದಿತು. ಆದರೆ ಆ ಹಾಳೆಗಳನ್ನು ಬರೆದುಕೊಡುವವನು ನಾನೇ ಆದ್ದರಿಂದ ನೋಟ್‌ಬುಕ್ಕಿನ ಗುಟ್ಟುಗಳು ನೋಟ್‌ಬುಕ್ಕಿನಲ್ಲೇ ಉಳಿದವು.

ಬಸಮ್ಮ ಯಾದಗಿರಿ ಕಡೆಯವಳು. ಚಂದಾಪುರದ ಒಂದೇ ಕೋಣೆಯ ಬಾಡಿಗೆ ಮನೆಯಲ್ಲಿ ತಾಯಿಯ ಜೊತೆ ಇದ್ದಳು. ತಾಯಿ ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದರು. ಹತ್ತನೇ ತರಗತಿ ಓದಿ ನಮ್ಮಲ್ಲಿಗೆ ಗುತ್ತಿಗೆ ಆಪರೇಟರಾಗಿ ಬಂದವಳು, ಎರಡನೇ ವರ್ಷಕ್ಕೇ ಯಾರೂ ಹೇಳಿಕೊಡದೆ ಸೆಟ್ಟಿಂಗ್‌ಗೆ ಕೈ ಹಾಕಿದಳು. ಟೂಲ್ ಸವೆದಿದೆಯೆಂದು ನಾನು ಅಳೆದು ಹೇಳುವ ಮುಂಚೆ ಅವಳು ಸದ್ದು ಕೇಳಿಯೇ ಹೇಳುತ್ತಿದ್ದಳು. ನನಗೆ ಒಂದೂವರೆ ಗಂಟೆ ಹಿಡಿಯುವ ಸೆಟ್ಟಿಂಗ್ ಅವಳಿಗೆ ನಲವತ್ತು ನಿಮಿಷ. ಶುರುವಿನಲ್ಲಿ ನಾನು ಗಡಿಯಾರವೇ ಸರಿಯಿಲ್ಲ ಅಂದುಕೊಂಡೆ.

ನಾಚಿಕೆ ಬಿಟ್ಟು ಬರೆಯುತ್ತೇನೆ. ಬೆಳಿಗ್ಗೆ ಶೆಡ್ಡಿಗೆ ಕಾಲಿಟ್ಟಾಗ ನನ್ನ ಕಿವಿ ಮೊದಲು ಹುಡುಕುತ್ತಿದ್ದುದು ಅವಳ ಮಷೀನಿನ ಸದ್ದನ್ನು. ನಿಂತಿದ್ದರೆ ಖುಷಿ. ಓಡುತ್ತಿದ್ದರೆ ತಿಂಡಿ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಅವಳು ಲಾಗ್ ಪುಸ್ತಕದಲ್ಲಿ ಕನ್ನಡದಲ್ಲಿ "ಸೆಟ್ ಆತು" ಎಂದು ಬರೆದರೆ ನಾನು ಕೆಂಪು ಪೆನ್ನಿನಿಂದ ಹೊಡೆದುಹಾಕಿ ಇಂಗ್ಲಿಷಿನಲ್ಲಿ ಬರೆಯುತ್ತಿದ್ದೆ. ಹುಡುಗರು ಏನಾದರೂ ಸಿಕ್ಕಿಕೊಂಡರೆ ನನ್ನನ್ನು ದಾಟಿಕೊಂಡು ಹೋಗಿ "ಬಸಮ್ಮಕ್ಕಾ" ಎಂದು ಕೂಗುತ್ತಿದ್ದರು. ಇಪ್ಪತ್ತಾರು ವರ್ಷದ ಹುಡುಗಿಯನ್ನು ನಲವತ್ತರ ಗಂಡಸರು ಅಕ್ಕ ಎನ್ನುತ್ತಿದ್ದರು!

ಒಂದು ದಿನ ಅವಳ ಮಟ್ಟ ಎಷ್ಟೆಂದು ಎಲ್ಲರಿಗೂ ತೋರಿಸಲೆಂದೇ ಕ್ಯಾಂಟೀನಿನಲ್ಲಿ ಕೇಳಿದೆ: "ಏನಮ್ಮ, ಸೆಟ್ಟಿಂಗ್ ಸೆಟ್ಟಿಂಗ್ ಅಂತೀಯಲ್ಲ, ಸೆಟ್ ಅಂದ್ರೆ ಏನು ಗೊತ್ತಾ?"

ಅವಳು ಚಪಾತಿ ಮುರಿಯುತ್ತಲೇ, "ಕುಂದ್ರಸೂದ್ರಿ ಸರ. ಮತ್ತೇನು?" ಎಂದಳು.

ನಾನು ಎಷ್ಟು ಭಾನುವಾರ, ಎಷ್ಟು ಪುಟ, ಎಷ್ಟು ಸಿಗ್ನಲ್ ದಾಟಿ ಮುಟ್ಟಿದ ಜಾಗದಲ್ಲಿ ಅವಳು ಮೊದಲೇ ಕೂತಿದ್ದಳು. ಆ ಮಧ್ಯಾಹ್ನದ ಹೊಟ್ಟೆಯುರಿ ಯಾವ ಮಾತ್ರೆಗೂ ಹೋಗುವಂಥದ್ದಲ್ಲ.

ಅದೇ ತಿಂಗಳು ಕಂಪನಿ ಹೊಸ ನಿಯಮ ತಂದಿತು: ಪರೀಕ್ಷೆ ಕೊಟ್ಟು ಪಾಸಾದವರಿಗೆ ಸೆಟ್ಟರ್ ಸರ್ಟಿಫಿಕೇಟ್. ಗುತ್ತಿಗೆಯವರಿಗೆ ಅದು ಸಿಕ್ಕರೆ ಕೆಲಸ ಖಾಯಂ. ಬಸಮ್ಮನ ಗುತ್ತಿಗೆ ಆ ತಿಂಗಳ ಕೊನೆಗೆ ಮುಗಿಯುತ್ತಿತ್ತು. ಪಾಸಾದರೆ ಉಳಿದಳು, ಇಲ್ಲದಿದ್ದರೆ ಗೇಟಿನಾಚೆ. ಪ್ರೊಡಕ್ಷನ್ ಮ್ಯಾನೇಜರ್ ಶ್ರೀಧರ್ ಸಾರ್ ನನ್ನ ಅಭಿಪ್ರಾಯ ಕೇಳಿದಾಗಲೇ ನಾನು ಆ ಮಾತು ಹೇಳಿದ್ದು: "ಆ ಹುಡುಗಿ ಸೆಟ್ಟರ್ ಆಗೋದಾ ಸಾರ್? ಆಗಲ್ಲ ಬಿಡಿ." ಅವರು, "ನೋಡೋಣ ರೀ. ಆ ತೆಳು ರಿಂಗ್ ಲಾಟ್ ಬಂದಿದೆಯಲ್ಲ, ಅದನ್ನೇ ಕೊಡಿ. ನೀವೇ ಪರೀಕ್ಷಕರು" ಎಂದರು.

ತೆಳು ರಿಂಗು. ಪಳನಿಯಿಂದ ಕದ್ದ ಪುಟ.

ಅದರ ಗುಟ್ಟು ಇಷ್ಟೇ. ತೆಳುವಾದ ರಿಂಗನ್ನು ಚಕ್ಕಿನ ಮೂರು ಹಲ್ಲು ಬಿಗಿಯಾಗಿ ಹಿಡಿದರೆ ಅದು ಕಣ್ಣಿಗೆ ಕಾಣದಷ್ಟು ಮೂರು ಕಡೆ ಒಳಗೆ ತಗ್ಗುತ್ತದೆ. ಹಾಗೇ ಒಳಮೈ ಕೊರೆದರೆ ಚಕ್ಕಿನಲ್ಲಿರುವವರೆಗೆ ದುಂಡು. ಬಿಟ್ಟ ಕೂಡಲೇ ಮೂರು ಮೂಲೆ. ಆದ್ದರಿಂದ ಕೊನೆಯ ಕೊರೆತಕ್ಕೆ ಮುಂಚೆ ಮಷೀನ್ ನಿಲ್ಲಿಸಿ, ಹಿಡಿತ ಪೂರ್ತಿ ಬಿಟ್ಟು, ರಿಂಗನ್ನು ತನ್ನಷ್ಟಕ್ಕೆ ಕೂರಲು ಬಿಟ್ಟು, ಆಮೇಲೆ ಹಗುರಾಗಿ ಹಿಡಿಯಬೇಕು. ಇನ್ನೊಂದು ಮೋಸವೂ ಇದೆ. ನಮ್ಮ ಶೆಡ್ಡಿನ ಗೇಜು ಎದುರುಬದುರು ಎರಡೇ ಕಡೆ ಮುಟ್ಟಿ ಅಳೆಯುವಂಥದ್ದು. ಮೂರು ಮೂಲೆಯ ಸೊಟ್ಟ ಅದಕ್ಕೆ ಸಿಗುವುದಿಲ್ಲ. ಯಾವ ಕಡೆ ತಿರುಗಿಸಿದರೂ ಸರಿಯೆಂದೇ ತೋರಿಸುತ್ತದೆ. ಗಿರಾಕಿಯ ಕಾರ್ಖಾನೆಯಲ್ಲಿರುವ ದೊಡ್ಡ ಯಂತ್ರಕ್ಕೆ ಮಾತ್ರ ಸಿಗುತ್ತದೆ. ಇಷ್ಟು ವರ್ಷ ಈ ರಿಂಗುಗಳನ್ನು ಆಪರೇಟರಿಗೆ ಬಿಡದೆ ನಾನೇ ಓಡಿಸಿ, ಪ್ರತಿ ಪೀಸಿಗೂ ಮಷೀನ್ ನಿಲ್ಲಿಸಿ, ಬೆನ್ನು ಅಡ್ಡ ಕೊಟ್ಟು, ಒಂದು ಕೈಯಲ್ಲಿ ಬೆವರು ಒರೆಸಿಕೊಳ್ಳುತ್ತ ಇನ್ನೊಂದರಿಂದ ಹಿಡಿತ ಸಡಿಲಿಸುತ್ತಿದ್ದೆ.

ಪರೀಕ್ಷೆಯ ದಿನ ಬಸಮ್ಮ ಹಾಳೆಯನ್ನು ಎರಡು ಸಲ ಓದಿದಳು. ನನ್ನ ಕಡೆ ತಿರುಗಿ ನೇರವಾಗಿ ಕೇಳಿದಳು: "ಸರ, ಈ ರಿಂಗಿಗೆ ಬ್ಯಾರೆ ಏನರ ಐತೇನ್ರಿ?"

"ಹಾಳೇಲಿ ಇರೋದೇ" ಎಂದೆ.

ಮೂವತ್ತೈದು ನಿಮಿಷದಲ್ಲಿ ಮುಗಿಸಿದಳು. ಗೇಜು ಸರಿ ತೋರಿಸಿತು. ನಾನೇ ಹಸಿರು ಚೀಟಿಗೆ ಸೈನ್ ಹಾಕಿದೆ. ಆ ಸೈನು ನನ್ನ ಇಡೀ ನೌಕರಿಯ ಅತಿ ದೊಡ್ಡ ತಪ್ಪು; ತಿಳಿಯದೆ ಮಾಡಿದ್ದಲ್ಲ. ರಿಂಗಿನ ಲಾಟು ಪೂರ್ತಿ ಓಡಿ ಗಿರಾಕಿಗೆ ಹೋಯಿತು. ಐದನೇ ದಿನ ಎಲ್ಲ ಟ್ರೇಗಳೂ ಕೆಂಪು ಚೀಟಿ ಹೊತ್ತು ವಾಪಸ್ ಬಂದವು.

ಶ್ರೀಧರ್ ಸಾರ್ ಶೆಡ್ಡಿನ ಮಧ್ಯದಲ್ಲೇ ನಿಂತು, "ಬಸಮ್ಮ, ಸ್ಪೀಡ್ ಒಂದಿದ್ರೆ ಸಾಲಲ್ಲಮ್ಮ. ಸರ್ಟಿಫಿಕೇಟ್ ಇಲ್ಲ. ತಿಂಗಳ ಕೊನೆಗೆ ನೋಡೋಣ" ಎಂದರು. ತಿಂಗಳ ಕೊನೆ ಎಂದರೆ ಏನೆಂದು ಎಲ್ಲರಿಗೂ ಗೊತ್ತಿತ್ತು. ಅವಳು ಅಳಲಿಲ್ಲ. ಒಂದು ರಿಂಗು ಎತ್ತಿಕೊಂಡು ತನ್ನ ಬೆಂಚಿಗೆ ಹೋದಳು. ಅವತ್ತು ನನಗೆ ಊಟ ರುಚಿಸಿತು. ಇದನ್ನೂ ಬರೆಯಲೇಬೇಕು.

ಎರಡು ದಿನವಾದ ಮೇಲೆ ಟೀ ಬಿಡುವಿನಲ್ಲಿ ನನ್ನ ಬಳಿ ಬಂದಳು. ಕೈಯಲ್ಲಿ ಎರಡು ರಿಂಗು. ಒಂದು ಅವಳದು, ಇನ್ನೊಂದು ನಾನು ಹಿಂದೆ ಸೆಟ್ ಮಾಡಿದ್ದ ಲಾಟಿನದು. ರಿಂಗಿನ ಒಳ ಅಳತೆಗೆ ತಾನೇ ಕಡೆದ ದುಂಡನೆಯ ಕಬ್ಬಿಣದ ತುಂಡಿಗೆ ನೀಲಿ ಬಣ್ಣ ಹಚ್ಚಿ ಎರಡರೊಳಗೂ ತೂರಿಸಿ ತೆಗೆದಿದ್ದಳು. ನನ್ನ ರಿಂಗಿನೊಳಗೆ ನೀಲಿ ಸುತ್ತಲೂ ಹತ್ತಿತ್ತು. ಅವಳದರಲ್ಲಿ ಮೂರೇ ಕಲೆ.

"ನೋಡ್ರಿ ಸರ, ಹಲ್ಲು ಹಿಡದಲ್ಲಿ ಹತ್ತಿಲ್ಲ, ಹಲ್ಲಿನ ನಡುವ ಹತ್ತೈತಿ. ಚಕ್ಕಿಂದ ಬಿಟ್ಟ ಮ್ಯಾಲೆ ಇದು ಮೈ ಮುರೀತೈತ್ರಿ. ನೀವು ನಡುವ ಒಮ್ಮೆ ಮಷೀನ್ ನಿಲ್ಲಸಿ ಸಡಲ ಮಾಡ್ತಿದ್ರಿ, ಹೌದಿಲ್ರಿ? ನಾ ಬೆವರು ಒರಸ್ಕೊಳಾಕ ನಿಲ್ಲಸ್ತೀರಿ ಅನ್ಕೊಂಡಿದ್ದೆ."

ಅವಳು ನನ್ನ ಮುಖ ನೋಡಿ, "ನಿಮಗ ಹೇಳಾಕ ಮರ್ತಿರಬೇಕು ಬಿಡ್ರಿ" ಎಂದಳು.

ಬೈದಿದ್ದರೆ ಬೈಸಿಕೊಳ್ಳಬಹುದಿತ್ತು. ಅವಳು ಬಾಗಿಲು ತೆರೆದು ಹಿಡಿದಿದ್ದಳು. ಹೌದಮ್ಮ, ಮರೆತೆ ಎಂದರೆ ಮುಗಿದಿತ್ತು. ಆದರೆ ಆ ಮಾತು ನನ್ನ ಬಾಯಿಗೆ ಬರುವಾಗ ದೊಡ್ಡಪ್ಪನ ಧ್ವನಿಯಲ್ಲಿ ಬಂತು. ಕ್ಯಾಲೆಂಡರಿನ ಹಿಂದಿನ ಹಾಲ್ ಟಿಕೆಟ್ಟು ಕಣ್ಣಿಗೆ ಕಟ್ಟಿತು. ಟೀ ಲೋಟ ಅಲ್ಲೇ ಇಟ್ಟು ನೋಟ್‌ಬುಕ್ ತೆಗೆದುಕೊಂಡು ಮ್ಯಾನೇಜರ್ ಕೋಣೆಗೆ ಹೋದೆ.

ಶ್ರೀಧರ್ ಸಾರ್ ಅದನ್ನು ಹಿಂದುಮುಂದಾಗಿ ತೆರೆದರು. "ಏನ್ರೀ ಇದು, ಸೂರ್ಯ ಮುಳುಗು, ಮೂಳೆ ಕೂಡಿಸು? ಕವಿತೆನಾ?"

"ಆ ಕಡೆ ಅಲ್ಲ ಸಾರ್, ಈ ಕಡೆ" ಎಂದು ತಿರುಗಿಸಿ ಪುಟ ತೋರಿಸಿದೆ. "ರಿಂಗಿನ ವಿಷಯ ನನಗೆ ಗೊತ್ತಿತ್ತು. ಅವಳು ಕೇಳಿದಳು. ನಾನು ಹೇಳಲಿಲ್ಲ. ಗೊತ್ತಿದ್ದೇ ಸೈನ್ ಹಾಕಿದೆ."

ಅವರು ಕನ್ನಡಕ ತೆಗೆದರು. "ಇದು ಹಾಳೇಲಿ ಯಾಕಿಲ್ಲ ಮುನಿರಾಜು?"

"ಹಾಳೇಲಿ ಬರೆದ್ರೆ ಆಮೇಲೆ ನಾನ್ಯಾಕೆ ಬೇಕು ಸಾರ್?"

"ರಿಟೈರ್ ಆಗೋಕೆ ಒಂದು ವರ್ಷ ಇಟ್ಕೊಂಡು ಹೇಳೋ ಮಾತೇನ್ರೀ ಇದು! ಮಗಳ ವಯಸ್ಸಿನ ಹುಡುಗಿ ಮೇಲೆ!" ಎಂದರು. ಇನ್ನೂ ಬಹಳ ಅಂದರು, ಅವೆಲ್ಲ ನ್ಯಾಯವಾದ ಮಾತುಗಳೇ. ನನಗೆ ಎಚ್ಚರಿಕೆ ಪತ್ರ ಬಂತು. ಪರೀಕ್ಷಕನ ಹೊಣೆ ಬೇರೆ ವಿಭಾಗದವರಿಗೆ ಹೋಯಿತು. ಬಸಮ್ಮನ ಗುತ್ತಿಗೆ ಮರುಪರೀಕ್ಷೆಯವರೆಗೆ ಮುಂದುವರಿಯಿತು. ನನ್ನ ಶಿಕ್ಷೆಯ ಉಳಿದ ಭಾಗ: ನೋಟ್‌ಬುಕ್ಕಿನ ಪ್ರತಿ ಪುಟವನ್ನೂ ಹಾಳೆಗಳಿಗೆ ಇಳಿಸುವುದು, ಎಲ್ಲರಿಗೂ ಓದಲು ಬರುವ ಕನ್ನಡದಲ್ಲಿ. 'ಸೆಟ್ ಮಾಡಿ' ಎಂದು ಒಂದೇ ಪದದಲ್ಲಿ ಮುಗಿಸುತ್ತಿದ್ದ ಕಡೆಯೆಲ್ಲ ಈಗ ಬಿಡಿಸಿ ಬರೆಯಬೇಕಾಯಿತು: ಕೂರಿಸಿ, ಬಿಗಿ ಮಾಡಿ, ಸಡಿಲಿಸಿ, ಅಳೆಯಿರಿ, ತಿದ್ದಿ, ಕಾಯಿರಿ. ಆ ಪದದ ಅರ್ಥಗಳನ್ನು ನಿಘಂಟಿನಿಂದ ಎತ್ತಿ ಬರೆದವನಿಗೆ, ನನ್ನ ಕೈಗಳೇ ಅದರಲ್ಲಿ ಎಷ್ಟು ಮಾಡುತ್ತಿದ್ದವು ಎಂಬುದು ಆಗ ಲೆಕ್ಕಕ್ಕೆ ಸಿಕ್ಕಿತು.

ಬಸಮ್ಮನಿಗೂ ಹೇಳಿದೆ. "ಮರೆತಿರಲಿಲ್ಲ ಕಣಮ್ಮ." ಅವಳು ಕೈ ಒರೆಸಿಕೊಳ್ಳುತ್ತ, "ಗೊತ್ತೈತ್ರಿ" ಎಂದಳು. ಅಷ್ಟೇ. ಒಂದು ವಾರ ನನ್ನ ಜೊತೆ ಮಾತಾಡಲಿಲ್ಲ.

ಎಂಟನೇ ದಿನ ತಾನೇ ಬಂದು, "ಸರ, ಮೂರು ಬಳ್ಳಿಲೆ ಹಿಡಿಯೂ ಬದ್ಲಿ ಅಂಗೈಲೆ ಹಿಡದ್ರ ಹ್ಯಾಂಗ್ರಿ?" ಎಂದಳು. ಬೆರಳು ಚೂಪು ಮಾಡಿ ಹಿಡಿದರೆ ಹಸಿ ರೊಟ್ಟಿ ಹರಿಯುತ್ತದಂತೆ, ಅಂಗೈ ಮೇಲೆ ಎತ್ತಿದರೆ ಹಾಗೇ ಏಳುತ್ತದಂತೆ. ಚಕ್ಕಿನ ಹಲ್ಲುಗಳನ್ನೇ ಅಗಲ ಮಾಡಿಸಿ, ಮೂರೂ ಸೇರಿ ರಿಂಗನ್ನು ಸುತ್ತಲೂ ಅಪ್ಪಿಕೊಳ್ಳುವಂತೆ ಮಾಡಬಹುದು ಎಂದು ಚಾಕ್‌ಪೀಸಿನಲ್ಲಿ ನೆಲದ ಮೇಲೆ ಬರೆದು ತೋರಿಸಿದಳು. ಮಾಡಿಸಿದೆವು. ಮಧ್ಯೆ ನಿಲ್ಲಿಸುವುದೂ ಬೇಡ, ಸಡಿಲಿಸುವುದೂ ಬೇಡ, ನೀಲಿ ಸುತ್ತಲೂ ಹತ್ತಿತು. ಪಳನಿ ಬಚ್ಚಿಟ್ಟು, ನಾನು ಕದ್ದು, ಒಂದು ಜೀವನಪೂರ್ತಿ ಕಾವಲು ಕಾದ ಪುಟ ಅರ್ಧ ಗಂಟೆಯಲ್ಲಿ ರದ್ದಿಯಾಯಿತು. ನನಗೆ ಮತ್ತೆ ಹೊಟ್ಟೆ ಉರಿಯಿತು. ಈ ಸಲ ಉರಿಯುತ್ತಲೇ ಹಾಳೆಯಲ್ಲಿ ಹೊಸ ವಿಧಾನ ಬರೆದು, ಕೆಳಗೆ ಅವಳ ಹೆಸರು ಹಾಕಿದೆ.

ಮರುಪರೀಕ್ಷೆಯಲ್ಲಿ ಅವಳು ಮೊದಲ ಪೀಸಿಗೇ ಪಾಸು.

ಸರ್ಟಿಫಿಕೇಟ್ ಕೊಟ್ಟದ್ದು ಆಯುಧಪೂಜೆಯ ದಿನ. ಕಾರ್ಖಾನೆಯೊಳಗೆ ಮನೆಯವರನ್ನು ಬಿಡುವುದು ಅವತ್ತೊಂದೇ ದಿನ. ಮಷೀನುಗಳಿಗೆಲ್ಲ ಸೇವಂತಿಗೆ ಹಾರ, ಬೂದುಗುಂಬಳದ ಹೋಳು ನೆಲದ ತುಂಬ. ಕಡ್ಲೆಪುರಿ ಹಂಚುವ ಮುಂಚೆ ಶ್ರೀಧರ್ ಸಾರ್ ಮೈಕಿನಲ್ಲಿ ಬಸಮ್ಮನ ಹೆಸರು ಕೂಗಿ, ಪತ್ರವನ್ನು ನನ್ನ ಕೈಗೆ ಇಟ್ಟರು. "ನೀವೇ ಕೊಡಿ" ಎಂದರು. ಅದು ಗೌರವವೋ ಶಿಕ್ಷೆಯೋ, ನಾನು ಕೇಳಲಿಲ್ಲ.

ದಪ್ಪ ಕಾಗದ, ಬಂಗಾರದ ಅಂಚು, ಹೆಸರಿನ ಕೆಳಗೆ ಸೆಟ್ಟರ್ ಎಂದು ದೊಡ್ಡಕ್ಷರ. ನಮ್ಮ ಕಾಲಕ್ಕೆ ಸೆಟ್ಟರುಗಳಿಗೆ ಇಂಥದ್ದೊಂದು ಇರಲಿಲ್ಲ. ಕೊಡುವಾಗ ಬೆರಳು ಒಂದು ಕ್ಷಣ ಬಿಡಲಿಲ್ಲ, ನಿಜ. ಆಮೇಲೆ ಬಿಟ್ಟವು. ಬಸಮ್ಮ ಎರಡೂ ಕೈಯಲ್ಲಿ ತೆಗೆದುಕೊಂಡು ಹಿಂದೆ ನಿಂತಿದ್ದ ತಾಯಿಯ ಕೈಗಿಟ್ಟಳು. ಅವರು ಅದನ್ನು ಓದಲಾರರು. ಸೆರಗಿನಿಂದ ಕೈ ಒರೆಸಿಕೊಂಡು, ಅಕ್ಷರ ಮುಟ್ಟದಂತೆ ಅಂಚಿನಲ್ಲಿ ಹಿಡಿದುಕೊಂಡು, ನನ್ನನ್ನು ನೋಡಿದರು.

"ನೀವೂ ಹಿಂಗ ಓದಿ ಕಾಗದ ತಗೊಂಡೋರಂತಲ್ರೀ ಸರ, ಈಕಿ ಹೇಳ್ತಿರ್ತಾಳ. ಅವತ್ತ ನಿಮ್ಮ ಮನಿಯಿಂದ ಯಾರ ಬಂದಿದ್ರಿ?"

"ಯಾರೂ ಬಂದಿರಲಿಲ್ಲಮ್ಮ. ಗೇಟಿನ ಕಿಂಡೀಲಿ ಕೊಟ್ರು" ಎಂದೆ.

ಆ ತಾಯಿ ಮಗಳ ಕಡೆ ನೋಡಿದರು, ನನ್ನ ಕಡೆ ನೋಡಿದರು.

"ಹಂಗಾರ ಇವತ್ತ ನಾ ನಿಮಗೂ ಸೇರೇ ಬಂದೀನಿ ಅಂತ ತಿಳ್ಕೋರಿ."